ಕಲ್ಲಿಗೆ ರಹದಾರಿ, ಕಲ್ಲೊಡೆಯುವವನಿಗೆ ಇಲ್ಲ

ಗುಂಡ್ಲುಪೇಟೆಯ ಕಡೆಯಿಂದ ಜಲ್ಲಿಯನ್ನೋ ದಿಮ್ಮಿಯನ್ನೋ ಹೇರಿಕೊಂಡು ಹೊರಟ ಒಂದು ಲಾರಿಯನ್ನು ಅಧಿಕಾರಿಗಳು ಹಾದಿಯಲ್ಲಿ ತಡೆದರೆಂದು ಇಟ್ಟುಕೊಳ್ಳೋಣ. ಅವರು ಕೇಳಬಹುದಾದ ಕಾಗದಗಳು ಒಂದೆರಡಲ್ಲ. ಚಾಲಕನ ಲೈಸೆನ್ಸು, ಗಾಡಿಯ ನೋಂದಣಿ, ಗಾಡಿಯು ಓಡಲು ಯೋಗ್ಯವೆಂಬ ಪತ್ರ, ವಿಮೆ. ಹೇರಿರುವ ಕಲ್ಲು ಯಾವ ಗುತ್ತಿಗೆಯಿಂದ ಹೊರಟಿತು, ಅದರ ತೂಕವೆಷ್ಟು, ರಾಜಧನವು ಸಂದಿದೆಯೆ ಎಂಬುದನ್ನು ಹೇಳುವ ಸಾಗಣೆಯ ಪರವಾನಗಿ. ಜಲ್ಲಿಯಾದರೆ, ಅದನ್ನು ಪುಡಿಮಾಡಿದ ಕ್ರಷರಿಗೆ 2011ರ ರಾಜ್ಯ ಕಾಯಿದೆಯಂತೆ ಪ್ರತ್ಯೇಕವಾದ ಲೈಸೆನ್ಸು ಇರತಕ್ಕದ್ದು. ಕಲ್ಲು ಹುಟ್ಟಿದ ಗುಡ್ಡಕ್ಕೆ 1994ರ ಉಪಖನಿಜ ರಿಯಾಯಿತಿ ನಿಯಮಗಳಂತೆ ಗುತ್ತಿಗೆಯ ಕರಾರು ಇರತಕ್ಕದ್ದು. ಇವುಗಳಲ್ಲಿ ಒಂದು ತಪ್ಪಿದರೂ ಲಾರಿ ನಿಲ್ಲುವುದು, ದಂಡ ಬೀಳುವುದು. ಇದು ಸರಿಯೇ. ಆದರೆ ಆ ಕಲ್ಲಿಗೆ ಕುಳಿ ಕೊರೆದು ಮದ್ದು ತುಂಬಿದವನು ಯಾರು, ಅದನ್ನು ಸಿಡಿಸುವುದಕ್ಕೆ ಅವನಿಗಿದ್ದ ಅರ್ಹತೆಯೇನು, ಆ ದಿನ ಬೆಳಗ್ಗೆ ಗುಡ್ಡದ ಮುಖವನ್ನು ನೋಡಿ ಆಳುಗಳನ್ನು ಕೆಳಕ್ಕೆ ಇಳಿಸಿದವನು ಯಾರು ಎಂಬುದಕ್ಕೆ ಉತ್ತರ ಕೊಡುವ ಕಾಗದವನ್ನು ಲಾರಿಯ ಹತ್ತಿರವಂತೂ ಯಾರೂ ಕೇಳರು. ಗುಡ್ಡದ ಹತ್ತಿರ ಕೇಳುವವರೂ ಅಪರೂಪ. ಅದನ್ನು ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಹೆಣಗಳನ್ನು ಹೊರತೆಗೆದು ಆಗಿರುತ್ತದೆ.

ನಾವು ಅಲಂಕಾರಕ್ಕಾಗಿ ಹೀಗೆ ಬರೆಯುತ್ತಿಲ್ಲ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆಗೆ ಸಮೀಪದ ಮಡಹಳ್ಳಿಯ ಗುಮ್ಮಕಲ್ಲುಗುಡ್ಡದ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡದ ಭಾಗವೇ ಜರಿದು ಬಿದ್ದು, ಹಿಟಾಚಿ ಟಿಪ್ಪರುಗಳೂ ಅವುಗಳೊಡನೆ ಆಳುಗಳೂ ಬಂಡೆಗಳ ಕೆಳಗೆ ಸಿಕ್ಕಿಕೊಂಡದ್ದು ವಾಚಕರಿಗೆ ನೆನಪಿರಬಹುದು. ಅಲ್ಲಿ ಪ್ರಾಣ ಬಿಟ್ಟವರು ಉತ್ತರ ಪ್ರದೇಶದಿಂದ ಹೊಟ್ಟೆಪಾಡಿಗೆ ಬಂದಿದ್ದ ಕೂಲಿಗಾರರು. ಅದೇ ವರ್ಷ ಡಿಸೆಂಬರ್ 26ರಂದು ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕ್ವಾರಿಯಲ್ಲಿ ಗುಡ್ಡ ಕುಸಿದು ಮೂವರು ಸತ್ತರು. ಇವರಾದರೋ ನೆರೆಯ ಕಾಗಲವಾಡಿ ಮೋಳೆಯವರು, ಈ ನೆಲದಲ್ಲೇ ಹುಟ್ಟಿ ಬೆಳೆದವರು. ಒಂದೇ ಜಿಲ್ಲೆಯಲ್ಲಿ, ಹತ್ತೇ ತಿಂಗಳೊಳಗೆ ಎರಡು ಗುಡ್ಡಗಳು. ಅದಕ್ಕೆ ಹಿಂದಿನ ವರ್ಷ, 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಸುತ್ತಣ ಊರುಗಳೆಲ್ಲ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದುವು. ತಿಂಗಳು ಕಳೆಯುತ್ತಲೇ ಫೆಬ್ರವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಛಿದ್ರಛಿದ್ರವಾದರು. ಈ ನಾಲ್ಕು ಅನಾಹುತಗಳ ಕಾರಣಗಳು ಒಂದೇ ಅಲ್ಲವೆಂಬುದು ನಿಜ. ಎರಡು ಕಡೆ ಗುಡ್ಡ ಬಿತ್ತು, ಎರಡು ಕಡೆ ಮದ್ದು ಸಿಡಿಯಿತು. ಆದರೆ ನಾಲ್ಕು ಕಡೆಯೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಅಪಾಯವನ್ನು ಗುರುತಿಸಲು ಕಲಿತವನು, ಗುರುತಿಸಿದೊಡನೆ ಕೆಲಸ ನಿಲ್ಲಿಸುವ ಅಧಿಕಾರವುಳ್ಳವನು, ಆ ಜಾಗದಲ್ಲಿ ಆ ಹೊತ್ತಿನಲ್ಲಿ ಇದ್ದನೆ?

ನಮ್ಮ ವಾಚಕರಲ್ಲಿ ಬಹುಮಂದಿ ಪಟ್ಟಣವಾಸಿಗಳು, ನೌಕರರು, ಒಂದಲ್ಲ ಒಂದು ವೃತ್ತಿಯ ಸನ್ನದನ್ನು ಪಡೆದವರು. ವಕೀಲನು 1961ರ ಕಾಯಿದೆಯಂತೆ ಪಟ್ಟಿಗೆ ಸೇರದೆ ನ್ಯಾಯಸ್ಥಾನದಲ್ಲಿ ನಿಂತು ವಾದಿಸುವಂತಿಲ್ಲ. ಔಷಧದ ಅಂಗಡಿಯಲ್ಲಿ ವೈದ್ಯರ ಚೀಟಿ ನೋಡಿ ಮದ್ದು ಕೊಡುವವನು 1948ರ ಫಾರ್ಮಸಿ ಕಾಯಿದೆಯಂತೆ ನೋಂದಾಯಿತನಾಗಿರಬೇಕು. ಅಕ್ಕಿ ಗಿರಣಿಯ ಬಾಯ್ಲರಿನ ಮುಂದೆ ನಿಲ್ಲುವವನಿಗೂ 1923ರ ಬಾಯ್ಲರ್ ಕಾಯಿದೆಯ ಕಾಲದಿಂದ ಅರ್ಹತಾಪತ್ರ ಬೇಕಾಗಿದೆ. ಇಲ್ಲಿ ಎರಡು ಬಗೆಯ ಲೈಸೆನ್ಸುಗಳನ್ನು ಬೇರೆ ಮಾಡಿ ನೋಡಬೇಕು. ಪುರಸಭೆಯವರು ಹೋಟೆಲಿಗೋ ಕ್ಷೌರದ ಅಂಗಡಿಗೋ ಕೊಡುವ ಲೈಸೆನ್ಸು ಸ್ಥಳಕ್ಕೆ ಕೊಟ್ಟದ್ದು. ವಕೀಲನದೂ ವೈದ್ಯನದೂ ಮನುಷ್ಯನ ವಿದ್ಯೆಗೆ ಕೊಟ್ಟದ್ದು. ಅಂಗಡಿ ಮುಚ್ಚಿದರೂ ಅದು ಅವನ ಜೇಬಿನಲ್ಲಿರುತ್ತದೆ. ಸ್ಥಳದ ಲೈಸೆನ್ಸಿನಿಂದ ಬೊಕ್ಕಸಕ್ಕೆ ಹಣ ಬರುತ್ತದೆ. ವಿದ್ಯೆಯ ಲೈಸೆನ್ಸಿನಿಂದ ಹಣಕ್ಕಿಂತ ಹೆಚ್ಚಾಗಿ ಜನರಿಗೆ ರಕ್ಷಣೆ ಬರುತ್ತದೆ. ಕಲ್ಲುಗಣಿಯ ವಿಷಯದಲ್ಲಿ ನಮ್ಮ ಆಡಳಿತವು ಮೊದಲನೆಯದರಲ್ಲಿ ಎಷ್ಟು ಚುರುಕಾಗಿದೆಯೋ ಎರಡನೆಯದರಲ್ಲಿ ಅಷ್ಟೇ ಜಡವಾಗಿದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ರಾಜಧನವು ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗುಂಟು ಎಂದು ತೀರ್ಪು ಕೊಟ್ಟಾಗ ರಾಜ್ಯ ಸರ್ಕಾರಗಳು ತೋರಿದ ಉತ್ಸಾಹದಲ್ಲಿ ಕಾಲುಪಾಲಾದರೂ ಗಣಿಯ ಆಳಿನ ತರಬೇತಿಯ ವಿಷಯದಲ್ಲಿ ಕಂಡಿದ್ದರೆ ನಾವು ಈ ಅಂಕಣವನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡುತ್ತಿದ್ದೆವು.

ಕಾಯಿದೆಯೇ ಇಲ್ಲವೆಂದು ಯಾರೂ ತಿಳಿಯಬಾರದು. ಕಲ್ಲು ಕೀಳುವುದು ಗಣಿಗಾರಿಕೆಯಲ್ಲ, ಬಂಡೆ ಒಡೆಯುವುದಕ್ಕೆ ಗಣಿ ಕಾಯಿದೆ ಬಾರದು ಎಂಬ ಮಾತು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಇದು ಅರ್ಧ ಸತ್ಯವೂ ಅಲ್ಲ. 1952ರ ಗಣಿ ಕಾಯಿದೆಯು ಕಟ್ಟಡದ ಕಲ್ಲು, ರಸ್ತೆಯ ಜಲ್ಲಿ, ಮಣ್ಣು, ಮರಳು ಮೊದಲಾದುವನ್ನು ತೆಗೆಯುವ ಸಣ್ಣ ಹಳ್ಳಗಳಿಗೆ ಬಹುಪಾಲು ವಿನಾಯಿತಿ ಕೊಟ್ಟಿತ್ತು ನಿಜ. ಆದರೆ ತೆರೆದ ಹಳ್ಳಕ್ಕೆ ಅದು ಸಿಗಬೇಕಾದರೆ ಮೂರು ಷರತ್ತುಗಳೂ ಒಟ್ಟಿಗೆ ನಡೆಯಬೇಕಾಗಿತ್ತು. ಹಳ್ಳದ ಆಳ ಎಲ್ಲಿಯೂ ಆರು ಮೀಟರು ಮೀರಕೂಡದು, ಯಾವ ದಿನವೂ ಐವತ್ತಕ್ಕಿಂತ ಹೆಚ್ಚು ಆಳುಗಳಿರಕೂಡದು, ಸ್ಫೋಟಕವನ್ನು ಬಳಸಕೂಡದು. ಆರು ಮೀಟರೆಂದರೆ ಇಪ್ಪತ್ತು ಅಡಿ, ಒಂದು ತೆಂಗಿನ ಗಿಡದ ಅರ್ಧದಷ್ಟು ಎತ್ತರವೂ ಆಗದು. ಹಿಟಾಚಿ ಇಳಿಸಿ, ಕಂಪ್ರೆಸರಿನಿಂದ ಕುಳಿ ಕೊರೆದು, ಜಿಲೆಟಿನ್ ತುಂಬಿ ಹಾರಿಸುವ ಯಾವ ಕ್ವಾರಿ ಈ ಮೂರು ಷರತ್ತುಗಳೊಳಗೆ ನಿಂತೀತು? ಹಾಗೆ ನಿಲ್ಲದ ಪ್ರತಿಯೊಂದು ಕ್ವಾರಿಯೂ ಕಾಯಿದೆಯ ಕಣ್ಣಿನಲ್ಲಿ ಪೂರ್ತಿ ಗಣಿಯೇ ಆಗಿತ್ತು. ಅಲ್ಲಿ ಅರ್ಹತೆಯುಳ್ಳ ವ್ಯವಸ್ಥಾಪಕನಿರಬೇಕಾಗಿತ್ತು. 1961ರ ಲೋಹಗಣಿ ನಿಬಂಧನೆಗಳಂತೆ ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆದ ಮೇಟನೂ ಮದ್ದು ಹಾರಿಸುವ ಬ್ಲಾಸ್ಟರನೂ ಇರಬೇಕಾಗಿತ್ತು. ಗಟ್ಟಿ ನೆಲದಲ್ಲಿಯೂ ಗುಡ್ಡವನ್ನು ಆರು ಮೀಟರು ಮೀರದ ಮೆಟ್ಟಿಲುಗಳಾಗಿ ಕತ್ತರಿಸಬೇಕು, ಬುಡವನ್ನು ಕೊರೆದು ತಲೆಯನ್ನು ಮುಂಚಾಚಿಸಿ ಬಿಡಕೂಡದು ಎಂದು ಆ ನಿಬಂಧನೆಗಳೇ ಹೇಳುತ್ತವೆ. ಹೊಸ ಆಳನ್ನು ಕೆಲಸಕ್ಕೆ ಹಾಕುವ ಮುಂಚೆ ತರಬೇತಿ ಕೊಡಬೇಕೆಂದು 1966ರ ನಿಯಮಗಳು ಬೇರೆ ಇವೆ.

ಮೆಟ್ಟಿಲುಗಳನ್ನು ಕುರಿತು ಒಂದು ಮಾತು. ಕಲ್ಲುಗಣಿಯಲ್ಲಿ ಮೆಟ್ಟಿಲು ಎಂದರೆ ಖರ್ಚು. ಗುಡ್ಡವನ್ನು ಮೇಲಿನಿಂದ ಹಂತಹಂತವಾಗಿ ಇಳಿಸಿಕೊಂಡು ಬರಬೇಕಾದರೆ ಮೇಲಣ ಮಣ್ಣನ್ನೂ ಸಡಿಲ ಬಂಡೆಯನ್ನೂ ಮೊದಲು ತೆಗೆಯಬೇಕು, ಯಂತ್ರಕ್ಕೆ ಮೇಲಕ್ಕೆ ದಾರಿ ಮಾಡಬೇಕು, ಮಾರುವ ಕಲ್ಲು ಕೈಗೆ ಬರುವುದು ತಡವಾಗುತ್ತದೆ. ಬುಡದಿಂದ ಕೊರೆದರೆ ಮೊದಲ ದಿನದಿಂದಲೇ ಲಾರಿ ತುಂಬುತ್ತದೆ. ಆದಕಾರಣ ಬುಡ ಕೊರೆಯುವ ಆಸೆ ಎಲ್ಲ ಕಾಲಕ್ಕೂ ಇದ್ದದ್ದೇ. ಮಳೆಗಾಲದಲ್ಲಿ ಸೀಳುಗಳಲ್ಲಿ ನೀರು ಇಳಿದು, ಪ್ರತಿ ಸಿಡಿತಕ್ಕೂ ಬಂಡೆಯ ಹಿಡಿತ ಒಂದು ಎಳೆ ಸಡಿಲವಾಗಿ, ಕೊನೆಗೆ ಒಂದು ದಿನ ಯಾವ ಮದ್ದೂ ಇಲ್ಲದೆ ತಾನಾಗಿ ಜರಿಯುತ್ತದೆ. ಆ ಆಸೆಗೆ ಅಡ್ಡ ನಿಂತು “ಇಂದು ಕೆಳಗೆ ಕೆಲಸ ಬೇಡ” ಎನ್ನತಕ್ಕವನೇ ಕಾಯಿದೆ ಕಲ್ಪಿಸಿರುವ ವ್ಯವಸ್ಥಾಪಕ ಮತ್ತು ಮೇಟ. ಇಂಗ್ಲೆಂಡಿನವರು ತಮ್ಮ ಕಲ್ಲಿದ್ದಲ ಗಣಿಗಳಿಗೆ ಅರ್ಹತಾಪತ್ರವುಳ್ಳ ವ್ಯವಸ್ಥಾಪಕನು ಬೇಕೆಂದು 1872ರಲ್ಲಿಯೇ ಕಾಯಿದೆ ಮಾಡಿದುದು ಇದಕ್ಕಾಗಿಯೇ. ನಮಗೆ ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. 1880ರಿಂದ 2001ರವರೆಗೆ ಕೋಲಾರದ ಚಿನ್ನದ ಗಣಿಯನ್ನು ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿಸಿದ ನಾಡು ಇದು. ಬಂಡೆಯ ನಡತೆಯನ್ನೇ ಅಭ್ಯಸಿಸುವ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆಯು 1988ರಲ್ಲಿ ಸ್ಥಾಪಿತವಾದದ್ದೂ ಅಲ್ಲಿಯೇ. ಬಂಡೆ ಯಾವಾಗ ಬೀಳುತ್ತದೆಂಬ ವಿದ್ಯೆ ಕರ್ನಾಟಕದಲ್ಲಿ ಇಲ್ಲದೆ ಇಲ್ಲ. ಅದು ಗುಂಡ್ಲುಪೇಟೆಯ ಗುಡ್ಡದವರೆಗೆ ಬಂದಿಲ್ಲ.

ಏಕೆ ಬಂದಿಲ್ಲ? ಇದಕ್ಕೆ ಆಡಳಿತದ ಕಟ್ಟಿನಲ್ಲಿಯೇ ಒಂದು ಕಾರಣವುಂಟು. ಸಂವಿಧಾನವು ಗಣಿಗಳ ಕಾರ್ಮಿಕರನ್ನೂ ಅವರ ಸುರಕ್ಷತೆಯನ್ನೂ ಕೇಂದ್ರದ ಪಟ್ಟಿಯ 55ನೆಯ ಬಾಬಿನಲ್ಲಿ ಇಟ್ಟಿದೆ. ಕಟ್ಟಡದ ಕಲ್ಲಿನಂತಹ ಉಪಖನಿಜದ ಗುತ್ತಿಗೆ ಕೊಡುವ ಅಧಿಕಾರವು 1957ರ ಖನಿಜ ಕಾಯಿದೆಯಂತೆ ರಾಜ್ಯದ್ದು. ಇದರ ಪರಿಣಾಮವನ್ನು ಗುಡ್ಡದ ಕೆಳಗೆ ನಿಂತು ನೋಡಬೇಕು. ರಾಜಧನದ ಯಜಮಾನಿಕೆ ಬೆಂಗಳೂರಿನಲ್ಲಿ. ಸುರಕ್ಷತೆಯ ಮಹಾನಿರ್ದೇಶಕರು ಧನಬಾದಿನಲ್ಲಿ. ಮದ್ದಿನ ಲೈಸೆನ್ಸಿನ ಮುಖ್ಯ ಕಚೇರಿ ನಾಗಪುರದಲ್ಲಿ. ಸಾಯುವುದು ಮಾತ್ರ ಮಡಹಳ್ಳಿಯಲ್ಲಿ. ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರನ್ನು ಕೇಳಿದರೆ ಗುತ್ತಿಗೆಯ ಎಲ್ಲೆಯನ್ನೂ ತೆಗೆದ ಕಲ್ಲಿನ ಲೆಕ್ಕವನ್ನೂ ಹೇಳಬಲ್ಲರು. ಬ್ಲಾಸ್ಟರನ ಪ್ರಮಾಣಪತ್ರದ ಮಾತೆತ್ತಿದರೆ ಅದು ಕೇಂದ್ರದವರ ವಿಷಯವೆನ್ನುವುದು ಸುಲಭ. ಕೇಂದ್ರದ ಅಧಿಕಾರಿಗಳಾದರೋ ದೊಡ್ಡ ಗಣಿಗಳನ್ನು ನೋಡಿ ಮುಗಿಸುವುದರೊಳಗೆ ವರ್ಷ ಮುಗಿಯುತ್ತದೆ. ಅನಾಹುತವಾದ ಮೇಲೆ ಎಲ್ಲರೂ ಬರುತ್ತಾರೆ. ಕ್ವಾರಿಗೆ ಬೀಗ ಬೀಳುತ್ತದೆ, ಉಳಿದ ಆಳುಗಳಿಗೆ ಕೂಲಿ ತಪ್ಪುತ್ತದೆ, ಪರಿಹಾರದ ಮಾತು ಬರುತ್ತದೆ. ಕೆಲವು ಕಾಲದ ಮೇಲೆ ಬೀಗ ತೆಗೆಯುತ್ತದೆ.

ಶಿಕ್ಷೆಯ ವಿಷಯವೂ ಇದುವರೆಗೆ ನಗೆಪಾಟಲಾಗಿತ್ತು. 1952ರ ಕಾಯಿದೆಯಂತೆ ನಿಯಮ ಮೀರಿ ಜೀವಹಾನಿಯಾದರೂ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಐದು ಸಾವಿರವೆಂದರೆ ಇಂದು ಟಿಪ್ಪರಿಗೆ ಒಂದು ಟಯರೂ ಬರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಇದನ್ನು ತಿದ್ದಿ, ಮರಣ ಸಂಭವಿಸಿದಾಗ ಐದು ಲಕ್ಷಕ್ಕೆ ಕಡಮೆಯಿಲ್ಲದ ಜುಲ್ಮಾನೆಯನ್ನು ಹೇಳಿದೆ. ಅದರಲ್ಲಿ ಅರ್ಧಕ್ಕೆ ಕಡಮೆಯಿಲ್ಲದ ಭಾಗವನ್ನು ಸತ್ತವನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಗಣಿಗೆ ಅರ್ಹ ವ್ಯವಸ್ಥಾಪಕನಿರಬೇಕೆಂಬ ತತ್ತ್ವವನ್ನೂ ಸಂಹಿತೆ ಉಳಿಸಿಕೊಂಡಿದೆ. ಪ್ರತಿಯೊಬ್ಬ ನೌಕರನಿಗೂ ನೇಮಕದ ಪತ್ರ ಕೊಡಬೇಕೆಂದು ವಿಧಿಸಿದೆ. ಇವು ಒಳ್ಳೆಯ ಮಾತುಗಳೆಂದು ನಾವು ಒಪ್ಪುತ್ತೇವೆ. ಆದರೆ ಅದೇ ಸಂಹಿತೆಯು ಗುತ್ತಿಗೆ ಕಾರ್ಮಿಕರ ಅಧ್ಯಾಯವು ಅನ್ವಯಿಸಲು ಇಪ್ಪತ್ತು ಆಳುಗಳಿದ್ದ ಮಿತಿಯನ್ನು ಐವತ್ತಕ್ಕೆ ಏರಿಸಿದೆ. ಹೊರ ರಾಜ್ಯದ ಆಳುಗಳ ವಿಷಯದಲ್ಲಿ ಐದಿದ್ದುದನ್ನು ಹತ್ತು ಮಾಡಿದೆ. ನಾಲ್ಕಾರು ಆಳು, ಒಂದು ಹಿಟಾಚಿ, ಒಂದು ಕಂಪ್ರೆಸರು ಇಟ್ಟುಕೊಂಡು ನಡೆಯುವ ಕ್ವಾರಿಯ ಮೇಸ್ತ್ರಿಯು ಈ ಎರಡು ಬಲೆಗಳ ಕಣ್ಣಿನಲ್ಲಿಯೂ ಸಲೀಸಾಗಿ ನುಸುಳಿ ಹೋಗುವನು.

ಇಲ್ಲಿ ಒಂದು ಆಕ್ಷೇಪವನ್ನು ನಾವು ಕೇಳಬಲ್ಲೆವು, ಅದು ಕ್ವಾರಿಯ ಯಜಮಾನರಿಂದಲೇ ಬರುವಂತಹುದೂ ಅಲ್ಲ. ಲೈಸೆನ್ಸೆಂದರೆ ಲಂಚಕ್ಕೆ ಇನ್ನೊಂದು ಬಾಗಿಲಲ್ಲವೆ? ಉಡಿಗಾಲದಂತಹ ಊರಿನಿಂದ ಮಳೆ ಕೈಕೊಟ್ಟ ವರ್ಷ ಕೂಲಿಗೆ ಹೊರಟ ಬಡವನು ವಯನಾಡಿನ ಕಾಫಿ ತೋಟವೋ ಕ್ವಾರಿಯೋ ಎಂದು ನೋಡುವಾಗ, ಅವನ ದಾರಿಗೆ ಪರೀಕ್ಷೆಯೆಂಬ ಬೇಲಿ ಹಾಕುವುದು ನ್ಯಾಯವೆ? ಓದು ಬಾರದ ಕೈಗಾರನನ್ನು ಹೊರಗಿಟ್ಟು ಓದು ಬಂದ ಕೈಲಾಗದವನನ್ನು ಒಳಗೆ ಬಿಟ್ಟಂತಾಗದೆ? ಆಕ್ಷೇಪದಲ್ಲಿ ತಿರುಳಿದೆ. ಪ್ರಮಾಣಪತ್ರವನ್ನು ಕ್ವಾರಿಯ ಕಡತಕ್ಕೆ ಬಾಡಿಗೆಗೆ ಕೊಟ್ಟು, ತಾನು ಬೇರೆ ಊರಿನಲ್ಲಿರುವ ವ್ಯವಸ್ಥಾಪಕನಿಂದ ಯಾವ ಜೀವವೂ ಉಳಿಯುವುದಿಲ್ಲ. ಅಂತಹ ಲೈಸೆನ್ಸಿಗಿಂತ ಲೈಸೆನ್ಸಿಲ್ಲದಿರುವುದೇ ಪ್ರಾಮಾಣಿಕ. ಆದರೆ ನಾವು ಕೇಳುತ್ತಿರುವುದು ಪ್ರತಿ ಕೂಲಿಗೂ ಪರೀಕ್ಷೆಯನ್ನಲ್ಲ. ಕಲ್ಲು ಹೊರುವವನಿಗೆ ತರಬೇತಿ ಸಾಕು. ಮದ್ದು ಮುಟ್ಟುವವನಿಗೂ ಆಳುಗಳನ್ನು ಗುಡ್ಡದ ಕೆಳಗೆ ಇಳಿಸುವವನಿಗೂ ಪ್ರಮಾಣಪತ್ರ ಬೇಕು. ಇದು ಬೇಲಿಯಲ್ಲ, ಆಳಿನ ಕೈಗೆ ಕೊಡುವ ಕೋಲು. ಕಾಗದವಿಲ್ಲದ ಮೇಸ್ತ್ರಿಯು “ಬಂಡೆ ಸಡಿಲವಾಗಿದೆ, ಇಂದು ಬೇಡ” ಎಂದರೆ ನಾಳೆ ಅವನ ಬದಲು ಬೇರೊಬ್ಬನು ಬರುವನು. ಪ್ರಮಾಣಪತ್ರವುಳ್ಳ ಮೇಟನು ಹಾಗೆಂದರೆ ಅವನನ್ನು ತೆಗೆದುಹಾಕಿದ ಯಜಮಾನನು ಇನ್ನೊಬ್ಬ ಪ್ರಮಾಣಪತ್ರದವನನ್ನೇ ಹುಡುಕಬೇಕು. ಅವನೂ ತನ್ನ ಪತ್ರ ರದ್ದಾದೀತೆಂದು ಹೆದರಿ ಅದೇ ಮಾತನ್ನು ಹೇಳುವನು. ವಕೀಲನಿಗೂ ವೈದ್ಯನಿಗೂ ಯಜಮಾನನ ಮುಂದೆ ತಲೆಯೆತ್ತಿ ಮಾತಾಡುವ ಧೈರ್ಯ ಬಂದದ್ದು ಅವರ ಗುಣದಿಂದ ಮಾತ್ರವಲ್ಲ, ಅವರ ಸನ್ನದಿನಿಂದಲೂ ಹೌದು.

ಕೈಗಾರನ ವಿದ್ಯೆಯ ಮಾತಿಗೆ ಬಂದರೆ, ನಮ್ಮ ಸೀಮೆಯಲ್ಲಿ ಕಲ್ಲನ್ನು ಅರಿತವರು ತಲೆತಲಾಂತರದಿಂದ ಇದ್ದಾರೆ. ಉಳಿ ಸುತ್ತಿಗೆಯಿಂದ ಬಂಡೆಯನ್ನು ಎಳೆಯುದ್ದಕ್ಕೂ ಸೀಳುತ್ತಿದ್ದ ಭೋವಿ ಜನರು ಬಂಡೆಯನ್ನು ತಟ್ಟಿ ನೋಡಿ ಅದರ ಸದ್ದಿನಿಂದಲೇ ಹಿಂದೆ ಪೊಳ್ಳಿದೆಯೋ ಗಟ್ಟಿಯೋ ಹೇಳುತ್ತಿದ್ದರು. ಪೊಳ್ಳು ಸದ್ದು ಬಂದ ಬಂಡೆಯ ಕೆಳಗೆ ನಿಲ್ಲಬಾರದೆಂಬುದು ಗಣಿಶಾಸ್ತ್ರದ ಪುಸ್ತಕದಲ್ಲಿಯೂ ಇರುವ ಮಾತೇ. ಯಂತ್ರ ಬಂದ ಮೇಲೆ ಈ ಕಿವಿಗೆ ಬೆಲೆ ಹೋಯಿತು. ಹಿಟಾಚಿಯ ಗದ್ದಲದಲ್ಲಿ ಬಂಡೆಯ ಸದ್ದು ಯಾರಿಗೆ ಕೇಳಿಸೀತು? ಇಂತಹವರನ್ನು ಕರೆದು, ಅವರಿಗೆ ಗೊತ್ತಿರುವುದನ್ನು ಪರೀಕ್ಷಿಸಿ, ಗೊತ್ತಿಲ್ಲದ ಮದ್ದಿನ ಲೆಕ್ಕವನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸಿ ಮೇಟರನ್ನಾಗಿ ಮಾಡುವುದು ಅಸಾಧ್ಯವೆ? ಪರೀಕ್ಷೆಯು ಅಭ್ಯರ್ಥಿಯ ಭಾಷೆಯಲ್ಲಿ, ಬಾಯಿಮಾತಿನಲ್ಲಿ, ಸಾಧ್ಯವಾದಷ್ಟೂ ಬಂಡೆಯ ಮುಂದೆಯೇ ನಡೆಯಲಿ.

ಭಾಷೆಯ ಮಾತು ಇಲ್ಲಿ ಅಭಿಮಾನದ ಮಾತಲ್ಲ. ಮೇಸ್ತ್ರಿ ಕನ್ನಡಿಗ, ಕಂಪ್ರೆಸರಿನವನು ತಮಿಳನು, ಹಿಟಾಚಿಯವನು ಉತ್ತರ ಪ್ರದೇಶದವನಾಗಿರುವ ಕ್ವಾರಿಯಲ್ಲಿ ಮದ್ದು ಹಾರಿಸುವ ಮುಂಚೆ ಸೈರನ್ನು ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಬಂಡೆ ಅಲುಗಿದ ಕ್ಷಣಕ್ಕೆ ಸೈರನ್ನಿಲ್ಲ. ಆಗ ಕೂಗುವ ಮಾತು ಕೇಳುವವನಿಗೆ ಅರ್ಥವಾಗಬೇಕು. ಯಾವ ಗಣಿಯಲ್ಲಿ ಯಾವ ಎಚ್ಚರಿಕೆಯ ಮಾತನ್ನು ಎಲ್ಲರೂ ಕಲಿತಿದ್ದಾರೆಂಬುದನ್ನು ತನಿಖೆಯವರು ಬರೆದಿಡುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಉಳಿದುದಕ್ಕೆ ಖರ್ಚುಂಟು, ಹಣವೂ ಉಂಟು. 2015ರ ತಿದ್ದುಪಡಿಯಿಂದ ಜಿಲ್ಲೆಜಿಲ್ಲೆಗೂ ಖನಿಜ ಪ್ರತಿಷ್ಠಾನದ ನಿಧಿ ಏರ್ಪಟ್ಟಿದೆ. ಗುತ್ತಿಗೆದಾರರು ರಾಜಧನದ ಜೊತೆಗೆ ಕೊಡುವ ಈ ಹಣವು ಗಣಿಗಾರಿಕೆಯಿಂದ ಬಾಧಿತರಾದ ಜನರಿಗೂ ಪ್ರದೇಶಕ್ಕೂ ಸಲ್ಲಬೇಕಾದದ್ದು. ಅದನ್ನು ಖರ್ಚು ಮಾಡಬೇಕಾದ ಮುಖ್ಯ ಬಾಬುಗಳಲ್ಲಿ ಕೌಶಲದ ಅಭಿವೃದ್ಧಿಯೂ ಒಂದು. ಗಣಿಯ ಕೌಶಲಕ್ಕಿಂತ ಅದಕ್ಕೆ ಹತ್ತಿರವಾದ ಕೌಶಲ ಯಾವುದು? ಚಾಮರಾಜನಗರದಲ್ಲಿ ವರ್ಷಕ್ಕೆ ಎರಡು ಬಾರಿ ತರಗತಿ ನಡೆಸಿ, ಕೇಂದ್ರದ ಸುರಕ್ಷತಾ ನಿರ್ದೇಶನಾಲಯದ ಪರೀಕ್ಷಕರನ್ನು ಇಲ್ಲಿಗೇ ಬರಮಾಡಿಕೊಂಡು, ತರಗತಿಯ ದಿನಗಳ ಕೂಲಿಯನ್ನು ನಿಧಿಯಿಂದಲೇ ತುಂಬಿಕೊಡಬಹುದು. ಕೂಲಿ ಕಳೆದುಕೊಂಡು ಪಾಠ ಕೇಳೆಂದರೆ ಯಾವ ಬಡವನೂ ಬಾರನು. ಗುತ್ತಿಗೆಯು ರಾಜ್ಯದ ಕೈಯಲ್ಲಿರುವುದರಿಂದ, ಪ್ರಮಾಣಪತ್ರವುಳ್ಳ ಮೇಟನೂ ಬ್ಲಾಸ್ಟರನೂ ಇದ್ದಲ್ಲದೆ ಆ ಕ್ವಾರಿಗೆ ಸಾಗಣೆಯ ಪರವಾನಗಿ ಕೊಡೆವೆಂದು ಹೇಳುವುದಕ್ಕೆ ಧನಬಾದಿನ ಅಪ್ಪಣೆಯೇನೂ ಬೇಕಿಲ್ಲ. ಲಾರಿ ಹೊರಡುವುದಕ್ಕೆ ಕಲ್ಲಿನ ತೂಕ ಬರೆಯುವ ಅದೇ ಕಾಗದದಲ್ಲಿ ಆ ದಿನದ ಬ್ಲಾಸ್ಟರನ ಪ್ರಮಾಣಪತ್ರದ ಸಂಖ್ಯೆಯನ್ನೂ ಬರೆಯಲಿ. ಒಂದೇ ಸಂಖ್ಯೆಯು ಒಂದೇ ದಿನ ಮೂರು ಗ್ರಾಮಗಳ ಕ್ವಾರಿಗಳಲ್ಲಿ ಕಂಡರೆ, ಬಾಡಿಗೆಯ ಪತ್ರ ಯಾವುದೆಂಬುದು ಯಾರ ದೂರೂ ಇಲ್ಲದೆ ತಾನಾಗಿ ಬಯಲಾಗುವುದು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಗಣಿಗಳ ಜಿಲ್ಲಾ ಕಾರ್ಯಪಡೆಯ ಸಭೆಗಳು ನಡೆಯುತ್ತವೆ. ಅಕ್ರಮ ಸಾಗಣೆ, ವಸೂಲಾದ ದಂಡ, ಹಿಡಿದ ಲಾರಿಗಳು ಇವುಗಳ ಲೆಕ್ಕ ಅಲ್ಲಿ ಓದಲ್ಪಡುವುದುಂಟು. ಮುಂದಿನ ಸಭೆಗೆ ಇನ್ನೊಂದು ಪಟ್ಟಿಯನ್ನೂ ತರಿಸಬೇಕೆಂದು ಅವರನ್ನು ಬೇಡುತ್ತೇವೆ. ಚಾಮರಾಜನಗರ ಗುಂಡ್ಲುಪೇಟೆ ತಾಲ್ಲೂಕುಗಳ ಪ್ರತಿಯೊಂದು ಕ್ವಾರಿಯ ಎದುರಿಗೆ ಅದರ ವ್ಯವಸ್ಥಾಪಕ, ಮೇಟ, ಬ್ಲಾಸ್ಟರ್ ಇವರ ಹೆಸರು, ಪ್ರಮಾಣಪತ್ರದ ಸಂಖ್ಯೆ, ಅವರು ಕೊನೆಯ ಬಾರಿ ಗುಡ್ಡದ ಬಳಿ ಇದ್ದ ದಿನ. ಕ್ವಾರಿಯ ಹೆಸರಿನ ಮುಂದೆ ಖಾಲಿ ಜಾಗ ಉಳಿದರೆ ಅದನ್ನು ಖಾಲಿಯಾಗಿಯೇ ಓದಿಸಲಿ. ಆ ಪಟ್ಟಿಯನ್ನು ಪೂರ್ತಿಯಾಗಿ ಅಚ್ಚು ಹಾಕಲು ನಮ್ಮ ಪತ್ರಿಕೆಯಲ್ಲಿ ಸ್ಥಳವಿದೆ.